ಗ್ಯಾಸ್ ಕುಡಿದ ಎಣ್ಣೆ

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆಯಲ್ಲಿ ಗುಬ್ಬಿಯ ನಮ್ಮ ಬೀದಿಯ ಐಸ್ ಕ್ಯಾಂಡಿ ಕಾರ್ಖಾನೆಯ ಕಂಪ್ರೆಸರ್ ಒಡೆಯಿತು. ಮೊನ್ನೆ ಮರಳೂರಿನ ಫ್ರಿಜ್ ರಿಪೇರಿ ಅಂಗಡಿಯ ಮುಂದೆ ಸುಟ್ಟ ಎಣ್ಣೆಯ ವಾಸನೆ ಬಂದಾಗ ಅದು ನೆನಪಾಯಿತು. ಜೊತೆಗೆ ಕಾರ್ಖಾನೆಯ ಒಡತಿ, ನಮ್ಮ ಎದುರುಮನೆ ಅಕ್ಕ...

ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ಅಕ್ಕನೇ ನಡೆಸುತ್ತಿದ್ದರು. ಯಂತ್ರ ನೋಡಿಕೊಳ್ಳುತ್ತಿದ್ದವನು ಅವರ ಮೈದುನ. ಕಂಪ್ರೆಸರಿನ ಹೊಟ್ಟೆಗೆ ದುಂಡನೆಯ ಗಾಜಿನ ಕಿಂಡಿ ಇತ್ತು. ಒಳಗೆ ಎಣ್ಣೆ ಎಷ್ಟಿದೆ ಎಂಬುದು ಅದರಲ್ಲಿ ಕಾಣುತ್ತಿತ್ತು. ಬೆಳಿಗ್ಗೆ ಯಂತ್ರ ಶುರುವಾದೊಡನೆ ಅಲ್ಲಿ ನೊರೆ ಏಳುತ್ತಿತ್ತು, ಆಮೇಲೆ ಎಣ್ಣೆಯೇ ಕಾಣುತ್ತಿರಲಿಲ್ಲ. ಮೈದುನ ಪ್ರತಿ ಸಲವೂ ಮೇಲಿಂದ ಎಣ್ಣೆ ಸುರಿಯುತ್ತಿದ್ದ. ಲಾರಿಗೆ, ಪಂಪ್‌ಸೆಟ್ಟಿಗೆ ಎಲ್ಲರೂ ಮಾಡುತ್ತಿದ್ದುದು ಅದನ್ನೇ: ಕಡಿಮೆ ಕಂಡರೆ ತುಂಬುವುದು.

ತುಮಕೂರಿನಿಂದ ಬಂದ ಮೆಕ್ಯಾನಿಕ್ ಕಾರಣ ಹೇಳಿದ. ಎಣ್ಣೆ ಎಲ್ಲೂ ಸೋರಿರಲಿಲ್ಲ. ಬೇಸಿಗೆಯಲ್ಲಿ ನಿಂತ ಯಂತ್ರದೊಳಗೂ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಎಣ್ಣೆ, ತಂಪು ಮಾಡುವ ಗ್ಯಾಸನ್ನು ಹೆಚ್ಚು ಕುಡಿದು ತೆಳ್ಳಗಾಗುತ್ತದೆ. ಯಂತ್ರ ಶುರುವಾಗಿ ಒತ್ತಡ ತಟ್ಟನೆ ಇಳಿದರೆ, ಗೋಲಿ ಸೋಡಾ ತೆರೆದಂತೆ ಗ್ಯಾಸ್ ಉಕ್ಕುತ್ತದೆ. ನೊರೆಯ ಜೊತೆ ಎಣ್ಣೆಯೂ ಪೈಪುಗಳಿಗೆ ಹೋಗಿ, ಸುತ್ತಿ ವಾಪಸು ಬರುತ್ತದೆ. ಮೇಲಿಂದ ಸುರಿದದ್ದೂ ಸೇರಿ ಒಟ್ಟಿಗೆ ಬಂದರೆ ಪಿಸ್ಟನ್ ಅದನ್ನು ಅಮುಕಲಾರದೆ ಯಂತ್ರ ಒಡೆಯುತ್ತದೆ.

ಕುಣಿಗಲ್‌ನಿಂದ ಹಳೆಯ ಕಂಪ್ರೆಸರೊಂದನ್ನು ತಂದು ಕೂರಿಸಿದರು. ಇದೂ ಒಡೆದರೆ ಕಾರ್ಖಾನೆ ಮುಚ್ಚಿ, ಶೆಡ್ಡನ್ನು ಮೈದುನನ ಕೊಬ್ಬರಿ ತುಂಬಲು ಬಿಟ್ಟುಕೊಡಬೇಕೆಂದು ಮನೆಯಲ್ಲಿ ಮಾತಾಗಿತ್ತು.

ಮೊದಲ ಬೆಳಿಗ್ಗೆ ಅಕ್ಕ ಯಂತ್ರದ ಹೊಟ್ಟೆಯ ಕೆಳಗೆ ದೊಡ್ಡ ಬಲ್ಬು ಉರಿಸಿಟ್ಟರು. ಎಣ್ಣೆ ಬಿಸಿಯಾದರೆ ಕುಡಿದ ಗ್ಯಾಸನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಸೈಕಲ್ಲಿನಲ್ಲಿ ಕ್ಯಾಂಡಿ ಮಾರುವವನೊಬ್ಬ ಬಾಗಿಲಲ್ಲಿ ನಿಂತು ನಕ್ಕ.

"ಏನಕ್ಕಾ, ಮಿಷನ್ನಿಗೂ ಬಾಣಂತನಾನಾ?"

"ಹೂಂ ಕಣಪ್ಪ. ನಿಂಗೂ ಪಥ್ಯದ ಸಾರು ಕೊಡ್ಲಾ?"

ಯಂತ್ರ ಶುರುವಾಯಿತು. ಒತ್ತಡ ತಟ್ಟನೆ ಇಳಿಯದಿರಲೆಂದು, ಗ್ಯಾಸ್ ಒಳಬರುವ ವಾಲ್ವನ್ನು ಅಕ್ಕ ಸ್ವಲ್ಪಸ್ವಲ್ಪವೇ ತೆರೆದರು. ನೊರೆ ಮೊದಲಿನಷ್ಟಿರಲಿಲ್ಲ, ಆದರೂ ಗಾಜು ಖಾಲಿಯಾಯಿತು. ಮೈದುನ ಎಣ್ಣೆ ಡಬ್ಬ ಎತ್ತಿಕೊಂಡ.

"ಅತ್ತಿಗೆ, ಎಣ್ಣೆ ಇಲ್ದೆ ಜಾಮ್ ಆಯ್ತದೆ. ಅತ್ಲಾಗೆ ಸರೀರಿ."

"ಡಬ್ಬ ಕೆಳಗಿಡು."

"ಒಡೆದ್ರೆ?"

"ಒಡೆದ್ರೆ ನಿನ್ನ ಕೊಬ್ಬರಿ ತುಂಬ್ಕೋ. ಈಗ ಡಬ್ಬ ಕೆಳಗಿಡು ಅಂದೆ."

ಎಣ್ಣೆ ನಿಜಕ್ಕೂ ಇಲ್ಲದಿದ್ದರೆ ಬೇರಿಂಗ್ ಸುಡುತ್ತದೆ. ಅದು ಅಕ್ಕನಿಗೂ ಗೊತ್ತಿತ್ತು. ಸ್ವಿಚ್ಚಿನ ಮೇಲೆ ಕೈಯಿಟ್ಟು, ಗಾಜಿನ ಮೇಲೆ ಕಣ್ಣಿಟ್ಟು ನಿಂತರು. ಕೊನೆಗೆ ಗಾಜಿನ ತಳದಲ್ಲಿ ಹಳದಿ ಗೆರೆಯೊಂದು ಕಂಡಿತು. ನಿಧಾನವಾಗಿ ಅರ್ಧಕ್ಕೆ ಏರಿ ನಿಂತಿತು.

"ಎಲ್ಲಿಗೋಗಿತ್ತು ಇದು?" ಎಂದ ಮೈದುನ.

"ಊರು ಸುತ್ಕೊಂಡ್ ಬಂತು. ನಿನ್ನಂಗೇ."

ಅಂದಿನಿಂದ ಎಣ್ಣೆ ಡಬ್ಬ ಅಕ್ಕನ ಅಡುಗೆಮನೆ ಸೇರಿತು. ಕೇಳದೆ ಯಾರೂ ಮುಟ್ಟುವಂತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ಜಾತಿಯ ಗ್ಯಾಸ್ ಸಿಗುವುದೇ ನಿಂತಾಗ ಅವರೇ ಕಾರ್ಖಾನೆ ಮುಚ್ಚಿದರು. ಅಲ್ಲಿಯವರೆಗೂ ಆ ಕಂಪ್ರೆಸರ್ ಒಡೆಯಲಿಲ್ಲ.

ಅಕ್ಕ ಕಳೆದ ವರ್ಷ ತೀರಿಕೊಂಡರು. ಸುದ್ದಿ ತಡವಾಗಿ ತಿಳಿಯಿತು, ನನಗೆ ಹೋಗಲಾಗಲಿಲ್ಲ... ಶೆಡ್ಡು ಇನ್ನೂ ಅವರ ಹೆಸರಿನಲ್ಲೇ ಇದೆ.