ಕಾಂಪೌಂಡಿನಾಚೆಯ ಗರಿಕೆ

ಎಪ್ಪತ್ತಾರರ ಬೇಸಿಗೆ. ಬಸವೇಶ್ವರನಗರದಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿದ್ದ ಕಾಲ. ಹಿತ್ತಲಲ್ಲಿ ತಾನೇ ಬಾವಿ ಕೊರೆಯುತ್ತೇನೆಂದು ಕಮಲಾಕ್ಷಮ್ಮ ಹೇಳಿದಾಗ ಗಂಡ ಗುರುಸಿದ್ದಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ. ನಲ್ಲಿ ನೀರು ಅಡುಗೆಗೆ, ಸ್ನಾನಕ್ಕೇ ಸಾಲುತ್ತಿರಲಿಲ್ಲ. ಪಾತ್ರೆ ತೊಳೆದ ನೀರು ಹೊಯ್ದು ಅವಳು ಮಲ್ಲಿಗೆ ಬಳ್ಳಿಯನ್ನು ಹೇಗೋ ಉಳಿಸಿಕೊಂಡಿದ್ದಳು. ಬದನೆ, ಬಾಳೆ ಒಣಗಿ ನಿಂತಿದ್ದವು.

ನಾಯಂಡಹಳ್ಳಿಯ ವೆಲ್ಡಿಂಗ್ ಶಾಪಿನಲ್ಲಿ ಅವಳು ಎದುರಿಗೆ ನಿಂತು ಒಂದು ದೊಡ್ಡ ಬೈರಿಗೆ ಮಾಡಿಸಿದಳು. ಪೈಪಿನ ತುದಿಗೆ ಕಬ್ಬಿಣದ ರೆಕ್ಕೆ, ಮೇಲೆ ಇಬ್ಬರು ಹಿಡಿದು ತಿರುಗಿಸಲು ಅಡ್ಡ ಹಿಡಿ. ಆಳ ಹೋದಂತೆ ಪೈಪಿಗೆ ಪೈಪು ಸೇರಿಸಿಕೊಂಡರಾಯಿತು. ಭಾನುವಾರ ಗುರುಸಿದ್ದಯ್ಯ ಗೊಣಗುತ್ತಲೇ ಇನ್ನೊಂದು ಹಿಡಿಗೆ ಕೈಕೊಟ್ಟ. ಕೆಂಪು ಮಣ್ಣು ಸಲೀಸಾಗಿ ಬಂತು. ಆಳುದ್ದ ಇಳಿಯುವಷ್ಟರಲ್ಲಿ ಬೈರಿಗೆ ಬಂಡೆಗೆ ತಾಕಿ ನಿಂತಿತು. ಪಕ್ಕಕ್ಕೆ ಸರಿದು ಕೊರೆದರು, ಅಲ್ಲೂ ಬಂಡೆ.

"ಸಾಕು ಬಿಡೇ. ಇನ್ನೇನು ಸಿಡಿಮದ್ದು ಇಡ್ತೀಯಾ?" ಎಂದು ಅವನು ಕೈ ತೊಳೆಯಲು ಹೋದ.

ಕಮಲಾಕ್ಷಮ್ಮ ಅಲ್ಲೇ ಕೂತಳು. ಕಾಂಪೌಂಡಿನಾಚೆ, ಪಕ್ಕದ ಮನೆಯ ಮೂಲೆಯಲ್ಲಿ, ಆ ಉರಿಬಿಸಿಲಲ್ಲೂ ಗರಿಕೆ ಹಸಿರಾಗಿತ್ತು. ಬಡಾವಣೆ ಆಗುವ ಮೊದಲು ಇಲ್ಲಿದ್ದ ಗದ್ದೆಗಳಿಗೆ ಕಾಲುವೆ ಹರಿದಿದ್ದು ಆ ಕಡೆಯಿಂದಲೇ. ಅಲ್ಲಿ ಅಡಿಯಲ್ಲಿ ನೀರಿರಲೇಬೇಕು. ಆದರೆ ಆ ಮನೆಯ ಅನಂತಲಕ್ಷ್ಮಿಯ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಹೊಲಿಗೆ ಮಾಡಿ ಒಬ್ಬಳೇ ಬದುಕುತ್ತಿದ್ದ ಹೆಂಗಸು. ಕಮಲಾಕ್ಷಮ್ಮನ ನುಗ್ಗೆಮರದ ಕಂಬಳಿಹುಳಗಳು ಗೋಡೆ ಹತ್ತಿಳಿದು, ಅವಳು ಒಣಹಾಕಿದ ಬಟ್ಟೆಯಲ್ಲೆಲ್ಲ ಹರಿದಾಡುತ್ತಿದ್ದವು. ಅವಳು ದೂರಿದಾಗ, ಹುಳಕ್ಕೇನು ಕಾಂಪೌಂಡು ಗೊತ್ತಾಗುತ್ತಾ ಎಂದು ಕಮಲಾಕ್ಷಮ್ಮ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದಳು.

ಸಂಜೆ ಸೆರಗು ಸರಿಮಾಡಿಕೊಂಡು ಹೋಗಿ ಅದೇ ಬಾಗಿಲು ತಟ್ಟಿದಳು. ನಿಮ್ಮ ಜಾಗದಲ್ಲಿ ಕೊರೀತೀನಿ, ನೀರು ಇಬ್ಬರಿಗೂ ಎಂದಳು.

ಅನಂತಲಕ್ಷ್ಮಿ ಮಿಷನ್ನಿನ ಮುಂದಿನಿಂದ ಏಳಲಿಲ್ಲ. "ಕೊರೀರಿ. ಮೊದಲು ನುಗ್ಗೆಮರ ಕಡಿಸಿ."

ಮನೆಗೆ ಬಂದ ವರ್ಷ ಕಮಲಾಕ್ಷಮ್ಮ ತಾನೇ ನೆಟ್ಟ ಮರ ಅದು. ಬೀದಿಗೆಲ್ಲ ಕಾಯಿ ಹಂಚಿದ್ದಳು. ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಬೆಳಗ್ಗೆ ಎದ್ದವಳೇ ಕೊಡಲಿ ತಂದಳು. ಗುರುಸಿದ್ದಯ್ಯ ಎಷ್ಟು ಬೇಡವೆಂದರೂ ಕೇಳಲಿಲ್ಲ. ಮರ ಉರುಳಿದ ಸದ್ದಿಗೆ ಅನಂತಲಕ್ಷ್ಮಿ ಹೊರಬಂದು ನೋಡಿದಳು. ಆಮೇಲೆ ಒಳಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ಬಂದು, ತಾನೇ ಬೈರಿಗೆಯ ಹಿಡಿ ಹಿಡಿದಳು.

ಗರಿಕೆಯಿದ್ದ ಅವಳ ಮೂಲೆಯಲ್ಲಿ ಬಂಡೆ ಸಿಗಲಿಲ್ಲ. ಕೆಂಪು ಮಣ್ಣು ಮುಗಿದು ಬಿಳಿ ಸುದ್ದೆಮಣ್ಣು ಬಂತು, ಅದರಾಚೆ ಒದ್ದೆ ಮರಳು. ಹೆಂಗಸರಿಬ್ಬರ ಅಂಗೈಯಲ್ಲೂ ಬೊಬ್ಬೆ ಎದ್ದಿದ್ದವು. ಆದರೆ ಬೈರಿಗೆ ಎತ್ತಿದಾಗಲೆಲ್ಲ ಮರಳು ಕುಸಿದು ಗುಂಡಿ ಮುಚ್ಚಿಕೊಳ್ಳತೊಡಗಿತು. ನೀರು ಒಳಬರಲೆಂದು ತೂತು ಕೊರೆದ ಪೈಪು ಇಳಿಸಿದರೆ ಅದರೊಳಗೂ ಮರಳು. ಗುರುಸಿದ್ದಯ್ಯ ಈ ಸಲ ಸಾಕು ಅನ್ನಲಿಲ್ಲ. ಪೈಪು ಎತ್ತಿ ಮಲಗಿಸಿ ಯೋಚಿಸುತ್ತ ನಿಂತ.

"ಇದಕ್ಕೊಂದು ಚೀಲ ಹಾಕೋಣ ರೀ," ಎಂದಳು ಅನಂತಲಕ್ಷ್ಮಿ. ನೈಲಾನ್ ಬಟ್ಟೆಯನ್ನು ಪೈಪಿನ ಸುತ್ತಳತೆಗೆ ಸರಿಯಾಗಿ, ಕಾಲುಚೀಲದ ಹಾಗೆ ಹೊಲಿದು ತಂದಳು. ಅದನ್ನು ತೊಡಿಸಿ, ಪೈಪನ್ನು ತಿರುಗಿಸುತ್ತ ಮರಳಿನೊಳಕ್ಕೆ ಇಳಿಸಿ, ಸುತ್ತ ಸಣ್ಣ ಜಲ್ಲಿ ಸುರಿದರು. ಮೇಲೆ ಕೈಪಂಪು ಕೂರಿಸಿದರು.

ಮೊದಲು ಗಾಳಿಯಷ್ಟೇ ಬಂತು. ಕಮಲಾಕ್ಷಮ್ಮ ಹಿಡಿ ಬಿಡಲಿಲ್ಲ. ಕೆಸರು ಉಗುಳಿತು, ಆಮೇಲೆ ಮಜ್ಜಿಗೆಯಂಥ ನೀರು. ಇವಳು ಸೋತಾಗ ಅನಂತಲಕ್ಷ್ಮಿ ಒತ್ತಿದಳು, ಅವಳು ಸೋತಾಗ ಇವಳು. ಹೊತ್ತು ಇಳಿಯುವಷ್ಟರಲ್ಲಿ ನೀರು ತಿಳಿಯಾಯಿತು. ಕುಡಿಯಲು ಆಗದಿದ್ದರೂ ಗಿಡಕ್ಕೆ ಧಾರಾಳವಾಯಿತು.

ಗುರುಸಿದ್ದಯ್ಯ ಸುತ್ತಿಗೆ ತಂದು ಕಾಂಪೌಂಡಿನ ಬುಡದಲ್ಲಿ ಎರಡು ಇಟ್ಟಿಗೆ ಕಿತ್ತ. ಅನಂತಲಕ್ಷ್ಮಿ ಗುದ್ದಲಿಯಿಂದ ಆ ಕಿಂಡಿಯವರೆಗೆ ಕಾಲುವೆ ಎಳೆದಳು. "ಒತ್ತಿ ಕಮಲಾಕ್ಷಮ್ಮನೋರೇ," ಎಂದಳು, "ನಿಮ್ಮ ಕಡೆ ಹೋಗ್ತಾ ಇದೆಯಾ ನೋಡ್ತೀನಿ."