ಭವಿತನ ಐದು ನಿಮಿಷ

ಕಾಣಿಯೂರು ಪೇಟೆಯಲ್ಲಿ ಭವಿತನನ್ನು "ಕಂಪ್ಯೂಟರ್ ಡಾಕ್ಟ್ರು" ಎಂದು ಕರೆಯುವವರಿದ್ದಾರೆ. ಆ ಹೆಸರು ಮೊದಲು ಯಾರ ಬಾಯಿಂದ ಬಂತೆಂದು ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಭವಿತನೇ. ಹಂಝಾಕನ ಆನ್‌ಲೈನ್ ಸೆಂಟರಿನಲ್ಲಿ ಸಂಬಳಕ್ಕಿರುವ ಈ ಇಪ್ಪತ್ತಾರು ವರ್ಷದ ಡಾಕ್ಟ್ರ ವಿದ್ಯೆ ಇಷ್ಟೆ: ಹಾಳಾದದ್ದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವುದು, ಸರಿಯಾದರೆ ಹೆಸರು ತನಗೆ ತೆಗೆದುಕೊಳ್ಳುವುದು, ಆಗದಿದ್ದರೆ ಸರ್ವರಿನ ತಲೆಗೆ ಕಟ್ಟುವುದು.

ಪಕ್ಕದ ಕೋಣೆ ಐಸಮ್ಮನ ಟೈಲರಿಂಗ್ ಅಂಗಡಿ. ಇಂಟರ್‌ನೆಟ್ಟಿನ ಕೇಬಲ್ ಬಂದಿಳಿಯುವುದು ಅವಳ ಗೋಡೆಗೆ. ಅಲ್ಲಿ ಸೆಂಟರಿನ ಇನ್ವರ್ಟರಿಗೇ ಸೇರಿಸಿದ ಸಣ್ಣ ಡಬ್ಬಿಯಿಂದ ಒಂದು ವಯರು ಭವಿತನ ಮೇಜಿನ ರೂಟರಿಗೆ ಬರುತ್ತದೆ. ಹಿಂದಿನ ವರ್ಷ ಸಿಡಿಲಿಗೆ ಆ ಡಬ್ಬಿ ಕರಟಿಹೋದ ಮೇಲೆ, ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಬೇಕು, ಪೂರಾ ನಿಂತ ಮೇಲೆಯೇ ಹಾಕಬೇಕು ಎಂದು ಭವಿತ ಐಸಮ್ಮನಿಗೆ ಹತ್ತು ನಿಮಿಷ ಪಾಠ ಮಾಡಿದ್ದ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗುಡುಗಿತೆಂದರೆ ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲದರ ಪ್ಲಗ್ಗೂ ಹೊರಗೆ. ಆದರೂ ಐಸಮ್ಮ ಪಾಪ ಪೂರಾ ಕೇಳಿಸಿಕೊಂಡಿದ್ದಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಎರಡೂವರೆಗೆ ಪಾತು ತನ್ನ ಮಗಳು ಮಿಸ್ರಿಯಾಳನ್ನು ಕರೆದುಕೊಂಡು ಬಂದಳು. ಸರಕಾರಿ ನರ್ಸಿಂಗ್ ಸೀಟಿನ ಕೊನೆಯ ಸುತ್ತು. ಹುಡುಗಿಗೆ ಅವಕಾಶ ಉಂಟೆಂದು ಮೊಬೈಲಿಗೆ ಸಂದೇಶ ಬಂದದ್ದೇ ಆ ದಿನ ಬೆಳಿಗ್ಗೆ. ಸಂಜೆ ಐದರೊಳಗೆ ಬೇಕಾದ ಕಾಲೇಜುಗಳನ್ನು ಆರಿಸಿ ಕಳಿಸಿಬಿಡಬೇಕು. ಈ ಸುತ್ತು ತಪ್ಪಿದರೆ ಈಗಾಗಲೇ ಸೇರಿಕೊಂಡಿದ್ದ ಬಿ.ಕಾಂ. ಕ್ಲಾಸಿಗೇ ವಾಪಸ್. ಮಿಸ್ರಿಯಾ ಕಾಲೇಜುಗಳ ಹೆಸರನ್ನು ಒಂದು ಹಾಳೆಯಲ್ಲಿ ಚಂದದ ಅಕ್ಷರದಲ್ಲಿ ಬರೆದೇ ತಂದಿದ್ದಳು.

ನಾಲ್ಕು ಕಾಲೇಜು ತುಂಬಿಸುವಷ್ಟರಲ್ಲಿ ಗುಡುಗು ಶುರುವಾಯಿತು. ಆಮೇಲೆ ತಲೆಯ ಮೇಲೆಯೇ ಒಡೆದಂಥ ಒಂದು ಸಿಡಿಲು. ಕರೆಂಟ್ ಹೋಯಿತು. ಇನ್ವರ್ಟರ್ ಹಿಡಿಯುವ ಮೊದಲೇ ಕಂಪ್ಯೂಟರಿನ ಪರದೆ ಒಮ್ಮೆ ನೀಲಿಯಾಗಿ ಮತ್ತೆ ಕಪ್ಪಾಯಿತು. ಕರೆಂಟ್ ಹೋದರೆ ಇಲ್ಲಿ ಟವರೂ ಹೋಗುವುದು ವಾಡಿಕೆ. ಮೂವರ ಮೊಬೈಲಿನಲ್ಲೂ ರೇಂಜ್ ಇಲ್ಲ.

ಕಂಪ್ಯೂಟರ್ ಎದ್ದು ಕೂರಲು ಅರ್ಧ ಗಂಟೆ ತೆಗೆದುಕೊಂಡಿತು. ಎದ್ದ ಮೇಲೆ ನೋಡಿದರೆ ಇಂಟರ್‌ನೆಟ್ ಇಲ್ಲ. ರೂಟರಿನಲ್ಲಿ ಒಂದು ದೀಪ ಕೆಂಪು. ಬಿದ್ದೆದ್ದ ಕಂಪ್ಯೂಟರಿನದ್ದೇ ಏನೋ ಕೆಟ್ಟಿದೆ ಎಂದು ಭವಿತ ತೀರ್ಮಾನಿಸಿಬಿಟ್ಟ. ಎಂತೆಂಥದೋ ಸೆಟ್ಟಿಂಗ್ ತೆರೆದ, ಮುಚ್ಚಿದ, ಒಂದನ್ನು ತೆಗೆದು ಮತ್ತೆ ಹಾಕಿದ. ಬೆನ್ನ ಹಿಂದೆ ತಾಯಿ ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎದ್ದು ಪಕ್ಕದ ಕೋಣೆಗೆ ಹೋಗಿ "ಐಸಮ್ಮ, ಡಬ್ಬಿ ಎಂತಾಗಿದೆ" ಎಂದು ಕೇಳುವುದಕ್ಕೆ ಬೇಕಾದದ್ದು ಆರು ಹೆಜ್ಜೆ. ಆದರೆ ಡಾಕ್ಟ್ರು ಟೈಲರ್ ಹತ್ತಿರ ಕೇಳಲು ಹೋಗುವುದುಂಟೇ?

ಮೂರೂವರೆಗೆ ಬಾಡಿಗೆ ಜೀಪಿನ ತ್ಯಾಂಪಣ್ಣ ಪಕ್ಕದ ಪೇಟೆ ಕಡಬಕ್ಕೆ ಹೊರಟ ಗಾಡಿಯನ್ನು ಅಂಗಡಿಯೆದುರು ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಅದು ಆಗುದಾ ಮಾರಾಯ? ಇಲ್ಲದಿದ್ರೆ ಇವರನ್ನು ನಾನು ಕಡಬದ ಸೆಂಟರಿಗೆ ಬಿಡ್ತೇನೆ. ಬರುವಾಗ ಅಲ್ಲಿ ಕರೆಂಟ್ ಇತ್ತು."

ಪಾತು ಎದ್ದು ನಿಂತಿದ್ದಳು. ಚೀಲವೂ ಕೈಯಲ್ಲಿತ್ತು.

"ಬೇಡ ತ್ಯಾಂಪಣ್ಣ," ಎಂದ ಭವಿತ, ಪರದೆಯಿಂದ ಕಣ್ಣು ತೆಗೆಯದೆ. "ಐದು ನಿಮಿಷ. ಈಗ ಬಂತು."

ಜೀಪು ಹೋಯಿತು. ಪಾತು ಕೂತಳು.

ಐದು ನಿಮಿಷ ಕಳೆದು ಹದಿನೈದಾಯಿತು. ಭವಿತನಿಗೆ ಕೊನೆಯ ಮದ್ದೊಂದು ನೆನಪಾಯಿತು. ಮೇಜಿನ ಖಾನೆಯಿಂದ ಗುಂಡುಸೂಜಿ ತೆಗೆದು, ರೂಟರಿನ ಹಿಂದಿನ ಸಣ್ಣ ತೂತಿಗೆ ಚುಚ್ಚಿ ಹಿಡಿದ. ದೀಪಗಳೆಲ್ಲ ಆರಿ ಹೊಸದಾಗಿ ಹತ್ತಿದವು. ರೂಟರು ಕಾರ್ಖಾನೆಯಿಂದ ಬಂದ ದಿನದಷ್ಟು ಶುಭ್ರವಾಯಿತು. ಕೆಂಪು ಮಾತ್ರ ಕೆಂಪೇ.

ನಾಲ್ಕೂಕಾಲಿಗೆ ಐಸಮ್ಮ ಬಾಗಿಲಲ್ಲಿ ಬಂದು ನಿಂತಳು. ಕೊರಳಲ್ಲಿ ಅಳತೆಪಟ್ಟಿ.

"ಗುಡುಗು ನಿಂತಿತಲ್ಲ ಭವಿತ್. ಡಬ್ಬಿಯ ಪ್ಲಗ್ ಹಾಕಲಾ?"

ಭವಿತ ಹೂಂ ಎಂದನೋ ಇಲ್ಲವೋ ಅವನಿಗೇ ನೆನಪಿಲ್ಲ. ಅವಳು ಹೋಗಿ ಹಾಕಿದಳು. ಡಬ್ಬಿಯಲ್ಲಿ ಹಸಿರು ಬಂತು. ಅವನು ಸುಮ್ಮನೆ ಕೂತಿದ್ದರೆ ಆ ಕ್ಷಣದಲ್ಲೇ ಎಲ್ಲ ಸರಿಯಾಗುತ್ತಿತ್ತು. ಈಗ ರೂಟರು ಅವನ ಹತ್ತಿರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಿತ್ತು. ಗುಂಡುಸೂಜಿಯಿಂದ ಅಳಿಸಿದ್ದು ಅದನ್ನೇ. ಅದು ಗೊತ್ತಿದ್ದದ್ದು ಕೇಬಲಿನ ನೌಷಾದನಿಗೆ ಮಾತ್ರ. ಭವಿತ ಬೈಕ್ ಹತ್ತಿ ನೌಷಾದನ ಮನೆಗೆ ಓಡಿದ. ಆಲೆಟ್ಟಿ ಕಡೆ ಹೋಗಿದ್ದಾನೆ, ಇನ್ನೇನು ಬರ್ತಾನೆ ಎಂದರು ಮನೆಯವರು. ಅದೇ ಬೈಕಿನಲ್ಲಿ ಹುಡುಗಿಯನ್ನು ಕೂರಿಸಿಕೊಂಡು ಕಡಬದ ದಾರಿ ಹಿಡಿದಿದ್ದರೆ ಕೂದಲೆಳೆಯ ಅಂತರದಲ್ಲಾದರೂ ಮುಟ್ಟಬಹುದಿತ್ತು ಎಂದು ಅವನಿಗೆ ಹೊಳೆದದ್ದು ಮೂರನೆಯ ದಿನ ಸ್ನಾನ ಮಾಡುವಾಗ.

ನೌಷಾದ್ ಐದೂಕಾಲಿಗೆ ಬಂದು ಒಂದೇ ನಿಮಿಷದಲ್ಲಿ ಸರಿಮಾಡಿದ. ಪುಟ ತೆರೆಯಿತು. ಸಮಯ ಮುಗಿದಿದೆ ಎಂದಿತ್ತು.

"ಸಿಡಿಲಿಗೆ ಲೈನೇ ಹೋಗಿತ್ತು," ಎಂದ ಭವಿತ ಪಾತುವಿನ ಹತ್ತಿರ.

ಪಾತು ಚೀಲ ಎತ್ತಿಕೊಂಡಳು. "ಸಿಡಿಲು ಬಂದ್ರೆ ನೀನೆಂತ ಮಾಡ್ಲಿಕ್ಕಾಗ್ತದೆ ಮಗಾ. ನೀನು ಊಟವೂ ಮಾಡ್ಲಿಲ್ಲ," ಎಂದಳು. ಬೈದಿದ್ದರೆ ಅವನು ಆ ರಾತ್ರಿ ನಿದ್ದೆಯಾದರೂ ಮಾಡುತ್ತಿದ್ದ. ಮಿಸ್ರಿಯಾ ತನ್ನ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು.

ಆಮೇಲೆ ಎಷ್ಟೋ ಸಲ ಅವರ ಮನೆಗೆ ಹೋಗಿ ನಿಜ ಹೇಳಿಬಿಡಬೇಕೆಂದು ಭವಿತ ಬೈಕ್ ಹತ್ತಿದ್ದುಂಟು. ಪೆಟ್ರೋಲ್ ಹಾಕಿಸಿಕೊಂಡು ವಾಪಸ್ ಬಂದದ್ದೂ ಉಂಟು. ನಾಚಿಕೆಗೆ ಅವನಲ್ಲಿ ಮೈಲೇಜ್ ಕಡಿಮೆ.

ಫೆಬ್ರವರಿಯಲ್ಲಿ ಮಿಸ್ರಿಯಾ ಒಬ್ಬಳೇ ಬಂದಳು. ಬಿ.ಕಾಂ. ಪರೀಕ್ಷೆಗೆ ಅರ್ಜಿ ತುಂಬಿಸಬೇಕಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಭವಿತ ಕೀಬೋರ್ಡ್ ನೋಡುತ್ತಲೇ ಹೇಳಿದ: ಆ ದಿನ ಲೈನ್ ಹೋಗಿರಲಿಲ್ಲ, ಪ್ಲಗ್ ಮಾತ್ರ ತೆಗೆದದ್ದು, ಹಾಳುಮಾಡಿದ್ದು ನಾನು.

"ನಂಗೆ ಗೊತ್ತುಂಟು ಅಣ್ಣ," ಎಂದಳು ಅವಳು. "ಐಸಮ್ಮ ಕೇಳುವಾಗ ನಾನು ಅಲ್ಲೇ ಕೂತಿದ್ದೆ ಅಲ್ಲ. ಉಮ್ಮನಿಗೆ ಅದೆಲ್ಲ ಅರ್ಥ ಆಗ್ಲಿಲ್ಲ, ಅಷ್ಟೆ."

"ಮತ್ತೆ ಉಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸೀಟು ಸಿಗ್ತದಾ?"

ಅವಳು ಸಿಟ್ಟಿನಿಂದ ಹೇಳಿದಂತೆ ಕಾಣಲಿಲ್ಲ. ಕೈಚೀಲವನ್ನು ಮೇಜಿನ ಮೇಲಿಟ್ಟು, "ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ. ಇದನ್ನು ನಾನೇ ತುಂಬಿಸ್ತೇನೆ," ಎಂದಳು.

ಭವಿತ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟು ಗಿರಾಕಿಗಳ ಬೆಂಚಿನಲ್ಲಿ ಕೂತ. ಮಿಸ್ರಿಯಾ ಎರಡು ಬೆರಳಿನಲ್ಲಿ ನಿಧಾನ ಒತ್ತುತ್ತಿದ್ದಳು. ಒಂದು ಕಡೆ ತಪ್ಪಿದಳು, ತಾನೇ ಅಳಿಸಿ ಮತ್ತೆ ಬರೆದಳು. ಅವನಿಗೆ ಬಾಯಿ ತುರಿಸಿತು. ಆದರೂ ಬೆಂಚಿನಿಂದ ಏಳಲಿಲ್ಲ.