ವಾಸಣ್ಣನ ಬಲಗೈ

ಮೋಟಾರ್‌ಸೈಕಲ್ಲಿನ ಬಲಗಡೆಯ ಹಿಡಿಕೆ ನಿಜವಾಗಿಯೂ ಬಿಸಿಯಾಗಿತ್ತು. ವಾಸಣ್ಣ ಸುಳ್ಳು ಹೇಳಿರಲಿಲ್ಲ, ಭ್ರಮೆಯಲ್ಲೂ ಇರಲಿಲ್ಲ. ಇದು ನನಗೆ ಏಳು ವರ್ಷಗಳಿಂದ ಗೊತ್ತು—ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವರ ಕೆಲಸ ಹೋದದ್ದು ನನ್ನ ಮಾತಿನಿಂದ, ಹೋದ ಕೆಲಸ ಮರಳಿ ಸಿಗದೆ ಉಳಿದದ್ದು ನನ್ನ ಮೌನದಿಂದ. ನೋಡಿ, ತಪ್ಪು ಒಪ್ಪಿಕೊಳ್ಳುವಾಗಲೂ ವಾಕ್ಯವನ್ನು ತೂಗಿಸಿ ಆಡುವ ಚಟ ಬಿಡುತ್ತಿಲ್ಲ.

ಅಂದು ಮುಂಬಯಿಯ ಚೆಂಬೂರಿನ ಸಭಾಗೃಹದಲ್ಲಿ ನನ್ನ ಮಾತು ಕೇಳಿ ನಕ್ಕವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ಅವರಿಗಾಗಿಯೇ ಬರೆಯುತ್ತಿದ್ದೇನೆ. ಉಳಿದವರಿಗೆ ಮೊದಲಿನಿಂದ ಹೇಳಬೇಕು.

ವಾಸಣ್ಣ ಚೆಂಬೂರಿನಲ್ಲೇ, ನಮ್ಮ ಚಾಳಿನ ಮುಂದಿನ ಉಡುಪಿ ಹೋಟೆಲಿನಲ್ಲಿ ಇದ್ದರು. ದಿನವೂ ಬೆಳಕು ಹರಿಯುವ ಮೊದಲೇ ಹೋಟೆಲಿನ ಹಳೆಯ ಮೋಟಾರ್‌ಸೈಕಲ್ ಹತ್ತಿ ದಹಿಸರಿನ ಎಮ್ಮೆ ತಬೇಲಾಕ್ಕೆ ಹೋಗಿ, ಎರಡು ಕ್ಯಾನು ಹಾಲು ಕಟ್ಟಿಕೊಂಡು, ಮೊದಲ ಗಿರಾಕಿಯ ಕಾಫಿಯ ಹೊತ್ತಿಗೆ ಮರಳುವುದು ಅವರ ಕೆಲಸ. ಆಮೇಲೆ ಮಧ್ಯಾಹ್ನದವರೆಗೆ ಅಡುಗೆಮನೆಯಲ್ಲಿ ಕಾಫಿ-ಚಹಾದ ಉಸ್ತುವಾರಿ. ಡಿಸೆಂಬರ್-ಜನವರಿಯಲ್ಲಿ ಮಾತ್ರ ಅವರಿಗೆ ಕಷ್ಟ. ಮಲಾಡ್ ದಾಟುವಷ್ಟರಲ್ಲಿ ಎರಡೂ ಕೈಯ ಬೆರಳುಗಳು ಸುಲಿದ ಮೂಲಂಗಿಯಂತೆ ಬಿಳಿಯಾಗಿಬಿಡುತ್ತಿದ್ದವು. ಹಿಂದಿರುಗಿದ ಮೇಲೆ ಬಾಯ್ಲರಿಗೆ ಕೈ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಲ್ಲಬೇಕು. ಅದಾದ ಮೇಲೆಯೇ ಕ್ಯಾನಿನ ಹಗ್ಗ ಬಿಚ್ಚಲು ಬೆರಳು ಮಡಚುತ್ತಿದ್ದವು.

ನಾನು ಆಗ ಹಗಲು ರೇಡಿಯೋ ರಿಪೇರಿ ಅಂಗಡಿಯಲ್ಲಿ ದುಡಿಯುತ್ತ, ಸಂಜೆ ಕಾಲೇಜಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳೆಂದರೆ ಪ್ರಾಣ. ಯಾರು ಏನೇ ಅಂದರೂ ಪುರಾವೆ ಕೇಳುವವನು. ಮುಂಬಯಿಯಲ್ಲಿ ಚಳಿಯೇ ಇಲ್ಲ, ಅದೆಲ್ಲ ನಿಮ್ಮ ತಲೆಯಲ್ಲಿದೆ ಎಂದು ಅವರಿಗೆ ವಾದಿಸಿದ್ದೆ.

“ತಲೆಗೆ ಮಫ್ಲರ್ ಉಂಟು ಮಾರಾಯ,” ಅಂದರು ವಾಸಣ್ಣ. “ಕೈಗೆ ಎಂತದಾದರೂ ಮಾಡು.”

ಮಾಡಿದೆ. ಕೆಟ್ಟ ಇಸ್ತ್ರಿಪೆಟ್ಟಿಗೆಗಳಿಂದ ಕಾಯುವ ತಂತಿ ಬಿಚ್ಚಿ ತಂದು, ಹ್ಯಾಂಡಲ್ಲಿನ ಎರಡೂ ತುದಿಗೆ ಅಭ್ರಕದ ಹಾಳೆ ಸುತ್ತಿ, ಅದರ ಮೇಲೆ ತಂತಿ, ತಂತಿಯ ಮೇಲೆ ನೂಲಿನ ಪಟ್ಟಿ, ಎಲ್ಲಕ್ಕೂ ಮೇಲೆ ರಬ್ಬರ್ ಹಿಡಿಕೆ. ಗಾಡಿಯ ಆರು ವೋಲ್ಟಿನ ಬ್ಯಾಟರಿಯಿಂದ ಟ್ಯಾಂಕಿನ ಕೆಳಗೊಂದು ಸ್ವಿಚ್ಚು, ಪಕ್ಕದಲ್ಲಿ ಪುಟ್ಟ ಕೆಂಪು ಬಲ್ಬು. ಸ್ವಿಚ್ಚಿನಿಂದ ಹೊರಟ ಒಂದೇ ವೈರು ಮುಂದೆ ಕವಲೊಡೆದು ಎಡಕ್ಕೂ ಬಲಕ್ಕೂ ಹೋಗುತ್ತಿತ್ತು. ಎಡಗಡೆ ಏನೂ ತೊಂದರೆಯಿಲ್ಲ. ಬಲಗಡೆಯದು ಎಕ್ಸಿಲರೇಟರ್, ದಾರಿಯುದ್ದಕ್ಕೂ ತಿರುಚುವಂಥದ್ದು. ಎರಡೇ ವಾರದಲ್ಲಿ ಆ ಕವಲು ತುಂಡಾಯಿತು. ಆಗ ಸ್ವಿಚ್ಚಿನಿಂದ ನೇರವಾಗಿ ಬಲಗಡೆಗೆ ಬೇರೆಯೇ ಒಂದು ನೀಲಿ ವೈರು ಎಳೆದು, ತಿರುಚಿದರೂ ಬಿಗಿಯದಂತೆ ಸಡಿಲವಾಗಿ ಒಂದು ಸುತ್ತು ಬಿಟ್ಟೆ.

ಆ ನೀಲಿ ವೈರನ್ನು ನೀವು ನೆನಪಿಡಿ. ನಾನು ಇಡಲಿಲ್ಲ.

ವಾಸಣ್ಣನ ಸಂತೋಷ ಹೇಳತೀರದು. ಕಾಫಿ ಕುಡಿಯಲು ಬಂದವರಿಗೆಲ್ಲ ಗಾಡಿ ತೋರಿಸಿದರು, ಹಿಡಿಕೆ ಮುಟ್ಟಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ—ಆದರೆ ಕೈ ಬೆಚ್ಚಗಾದಾಗಿನಿಂದ ಮಂಡಿನೋವೂ ಕಡಿಮೆಯಾಯಿತು, ಊಟವೂ ಚೆನ್ನಾಗಿ ಸೇರುತ್ತದೆ ಎಂದೆಲ್ಲ ಹೇಳತೊಡಗಿದರು. ಅಂಗೈ ಕಾದರೆ ಮಂಡಿ ಹೇಗೆ ವಾಸಿಯಾಗುತ್ತದೆ? ಮನುಷ್ಯನೊಬ್ಬ ಸುಖವಾಗಿದ್ದಾನೆ ಎಂಬುದು ನನಗೆ ಕಾಣಲಿಲ್ಲ, ತರ್ಕ ತಪ್ಪಿದ್ದಷ್ಟೇ ಕಂಡಿತು.

ಅದೇ ತಿಂಗಳು ಕನ್ನಡಿಗರ ಚರ್ಚಾಸ್ಪರ್ಧೆ. ವಿಷಯ: ಮನುಷ್ಯನಿಗೆ ನಂಬಿಕೆ ಅಗತ್ಯವೇ? ನಾನು ವಿರೋಧ ಪಕ್ಷ. ನನಗೊಂದು ಪುರಾವೆ ಬೇಕಿತ್ತು—ಪುಸ್ತಕದ್ದಲ್ಲ, ಎಲ್ಲರೂ ಬಲ್ಲ ಪುರಾವೆ. ಒಂದು ಸಂಜೆ ಯಾರೂ ನೋಡದಾಗ ಟ್ಯಾಂಕಿನ ಕೆಳಗೆ ಸ್ವಿಚ್ಚಿನಿಂದ ಹೊರಟ ಆ ಮೊದಲಿನ ವೈರನ್ನು ಕತ್ತರಿಸಿದೆ. ಕೆಂಪು ಬಲ್ಬು ಮಾತ್ರ ಉರಿಯುತ್ತಿತ್ತು. ಹಿಡಿಕೆಗಳ ಮೇಲೆ ಅರ್ಧ ನಿಮಿಷ ಕೈಯಿಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಜಗತ್ತಿನ ಎಲ್ಲರಿಂದ ಪುರಾವೆ ಕೇಳುವವನು ನನ್ನ ಕೆಲಸಕ್ಕೆ ನಾನೇ ಪುರಾವೆ ಕೇಳಲಿಲ್ಲ.

ಮೂರು ಬೆಳಗು ಕಾದೆ. ನಾಲ್ಕನೆಯ ದಿನ ಏನೂ ತಿಳಿಯದವನಂತೆ, ಹಿಡಿಕೆ ಹೇಗಿದೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಇಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಬರೆಯುತ್ತಿದ್ದೇನೆ:

“ಬಲಗೈದು ಒಳ್ಳೆ ಬೆಚ್ಚಗೆ ಉಂಟು ಮಾರಾಯ. ಎಡದ್ದು ಯಾಕೋ ಸೋಮಾರಿ ಆಗಿದೆ, ಪುರುಸೊತ್ತಾದರೆ ಸ್ವಲ್ಪ ನೋಡು.”

ಇದಕ್ಕಿಂತ ಸ್ಪಷ್ಟವಾಗಿ ಯಾರು ಸಾಕ್ಷಿ ನುಡಿಯಬೇಕು? ಕೇಳಿದೆ, ಕೇಳಿಯೂ ಕೇಳಲಿಲ್ಲ. ಭ್ರಮೆ ಇದ್ದವರು ಹೀಗೆಯೇ ವಿವರ ಕಟ್ಟುತ್ತಾರೆ ಎಂದುಕೊಂಡೆ—ಅಥವಾ, ಅಷ್ಟೂ ಅಂದುಕೊಳ್ಳಲಿಲ್ಲವೋ ಏನೋ. ವೇದಿಕೆಯ ಮೇಲೆ ವೈರು ಕತ್ತರಿಸಿದ ಕಥೆ ಹೇಳಿ, ಅವರ ಉತ್ತರದಿಂದ ನಾನು ಎತ್ತಿ ಆಡಿದ್ದು ಮೂರೇ ಮಾತು. “ಒಳ್ಳೆ ಬೆಚ್ಚಗೆ ಉಂಟು!” ಅವರದೇ ರಾಗದಲ್ಲಿ, ಅವರು ಕೈ ಉಜ್ಜುವ ರೀತಿಯಲ್ಲಿ. ಹೆಸರನ್ನೂ ಹೇಳಿದೆ. ಎಡ-ಬಲದ ಸಂಗತಿ ಬಿಟ್ಟೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ ವಾಸಣ್ಣನೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಪಾರಿತೋಷಕ ನನಗೆ ಬಂತು.

ಆ ನಗುವಿನಲ್ಲಿ ಒಬ್ಬರು ಸೇರಿರಲಿಲ್ಲ—ಹೋಟೆಲಿನ ಧಣಿ. ಅವರಿಗೆ ಹೊಳೆದದ್ದು ಬೇರೆ: ಇಲ್ಲದ ಬಿಸಿಯನ್ನು ಇದೆ ಎನ್ನುವವನ ಕೈಯಲ್ಲಿ ಸ್ಪರ್ಶವಾದರೂ ಉಂಟೋ? ಬೆರಳು ಬಿಳಿಯಾಗುವುದನ್ನು ಎಲ್ಲರೂ ಕಂಡವರೇ. ನಾಲ್ಕು ದಿನದಲ್ಲಿ ಹೋಟೆಲಿನಲ್ಲಿ ವಾಸಣ್ಣನ ಲೋಟ ಬೇರೆಯಾಯಿತು, ಮಲಗುವ ಚಾಪೆ ಬೇರೆಯಾಯಿತು. ದೊಡ್ಡ ರೋಗ—ಅಂದರೆ ಕುಷ್ಠ—ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ, ಆಡದೆ ಬಿಟ್ಟವರೂ ಇಲ್ಲ. ಡಾಕ್ಟರಿಗೆ ತೋರಿಸಿ ಎಂದು ನಾನು ಧಣಿಗೆ ಸಲಹೆ ಕೊಟ್ಟೆ. ಅವರು ಗಲ್ಲಾದಿಂದ ತಲೆಯೆತ್ತಲಿಲ್ಲ.

“ಚೀಟಿ ತಂದರೆ ಎಂತ ಮಾಡುವುದು? ಬಾಗಿಲಿಗೆ ಅಂಟಿಸುವುದಾ? ಗಿರಾಕಿಗೆ ಅದನ್ನು ಓದಲಿಕ್ಕೆ ಪುರುಸೊತ್ತು ಉಂಟಾ?”

ತಿಂಗಳ ಕೊನೆಗೆ ಬಿಟ್ಟು ಹೋಗಬೇಕು ಎಂದಾಯಿತು. ಇನ್ನು ಮೂರು ದಿನ ಇರುವಾಗ ವಾಸಣ್ಣ ನಮ್ಮ ಖೋಲಿಗೆ ಬಂದರು. ಕುಳಿತುಕೊಳ್ಳಿ ಅಂದರೂ ಹೊಸ್ತಿಲ ಆಚೆಯೇ ನಿಂತರು. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು.

“ಧಣಿಗೆ ಒಂದು ಮಾತು ಹೇಳು ಸುಧಾಕರ. ಬಲಗಡೆಗೆ ಕರೆಂಟ್ ಬರ್ತಾ ಇತ್ತು ಅಂತ. ಹೌದಲ್ಲವಾ, ನೀನೇ ಬೇರೆ ವೈರ್ ಹಾಕಿದ್ದು?”

ಅವರಿಗೆ ನೆನಪಿತ್ತು. ನನಗೆ ಆ ಕ್ಷಣದಲ್ಲಿ—ಮರೆತಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಂದು ಹೇಳಿದ್ದು ಇಷ್ಟು:

“ಕತ್ತರಿಸಿದ್ದು ನಾನೇ ವಾಸಣ್ಣ. ನಿಮಗೋಸ್ಕರ ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.”

ಸತ್ಯದ ಪರವಾಗಿ ನಿಂತೆ ಎಂಬ ಹೆಮ್ಮೆಯಲ್ಲಿ ಅಂದು ಊಟ ಮಾಡಿದೆ.

ಮರುದಿನ ಬೆಳಿಗ್ಗೆ ಆ ವೈರುಗಳನ್ನೆಲ್ಲ ಕಿತ್ತುಹಾಕು ಎಂದು ಧಣಿ ಹೇಳಿ ಕಳಿಸಿದರು. ಗಾಡಿ ಇನ್ನೊಬ್ಬನ ಕೈಗೆ ಹೋಗುವುದಿತ್ತು. ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಕುಳಿತು ಬಿಚ್ಚತೊಡಗಿದೆ. ನೀಲಿ ವೈರು ಕಣ್ಣಿಗೆ ಬಿತ್ತು, ಸ್ವಿಚ್ಚಿನಿಂದ ಬಲಗಡೆಯವರೆಗೆ ಎಲ್ಲೂ ತುಂಡಾಗದೆ. ಸ್ವಿಚ್ಚು ಒತ್ತಿ ಬಲಗಡೆಯ ಹಿಡಿಕೆ ಹಿಡಿದು ಕುಳಿತೆ. ಮೊದಲು ಏನೂ ಇಲ್ಲ. ಆಮೇಲೆ ನಿಧಾನವಾಗಿ, ಬೆಳಗಿನ ಚಹಾದ ಲೋಟದಷ್ಟು ಹಿತವಾಗಿ, ಅಂಗೈ ಬೆಚ್ಚಗಾಯಿತು. ಎಡಗಡೆಯದು ತಣ್ಣಗಿತ್ತು. ಅವರು ಹೇಳಿದ್ದು ಹಾಗೆಯೇ ಇತ್ತು, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲದೆ.

ಅಡುಗೆಮನೆ ಹತ್ತು ಹೆಜ್ಜೆ ದೂರ. ವಾಸಣ್ಣ ಒಳಗಿದ್ದರು, ಅವರ ಕೆಮ್ಮು ಕೇಳುತ್ತಿತ್ತು. ಇನ್ನೂ ಎರಡು ದಿನವಿತ್ತು. ಧಣಿಯನ್ನು ಕರೆದು, ಹಿಡಿಕೆಯ ಮೇಲೆ ಕೈಯಿಡಿ ಅಂದಿದ್ದರೆ ಸಾಕಿತ್ತು. ನಾನು ಸ್ವಿಚ್ಚು ಆರಿಸಿದೆ. ವೈರನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದೆ.

ಯಾಕೆ? ಪಾರಿತೋಷಕ ಹಿಂದಕ್ಕೆ ಕೊಡಬೇಕಾಗುತ್ತದೆ ಎಂದೇ? ನಕ್ಕವರು ಈಗ ನನ್ನನ್ನು ನೋಡಿ ನಗುತ್ತಾರೆ ಎಂದೇ? ಕಾರಣಗಳನ್ನು ಜೋಡಿಸುವುದು ನನಗೆ ಸುಲಭ, ಅದರಲ್ಲೇ ಪಳಗಿದವನು. ಆದ್ದರಿಂದ ಜೋಡಿಸುವುದಿಲ್ಲ.

ಒಂದು ಮಾತು ಮಾತ್ರ ಸ್ಪಷ್ಟಪಡಿಸಬೇಕು. ವಾಸಣ್ಣನಿಗೆ ಆ ರೋಗ ಇರಲಿಲ್ಲ. ಚಳಿಗೆ ಬೆರಳ ತುದಿಯ ರಕ್ತ ಹಿಂದೆ ಸರಿಯುವ ತೊಂದರೆ ಅದು ಎಂದು ಆಮೇಲೆ ಒಬ್ಬ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಆದರೆ ಇದ್ದಿದ್ದರೆ? ಇದ್ದಿದ್ದರೂ ಅದಕ್ಕೆ ಔಷಧಿಯಿದೆ, ಆ ಲೋಟ ಬೇರೆ ಮಾಡಿದ್ದೂ ತಪ್ಪೇ. ಇದನ್ನು ಅಂದೇ ಹೇಳಬೇಕಾಗಿದ್ದವನು ನಾನು, ವಿಜ್ಞಾನದ ಹೆಸರಿನಲ್ಲಿ ವೇದಿಕೆ ಹತ್ತಿದವನು. ಆ ವಾದವನ್ನೂ ನಾನು ಮಾಡಲಿಲ್ಲ.

ಕಳೆದ ತಿಂಗಳು ದಹಿಸರಿಗೆ ಹೋದೆ. ವಾಸಣ್ಣ ಹಾಲು ತರುತ್ತಿದ್ದ ಅದೇ ತಬೇಲಾದಲ್ಲಿ ಈಗ ಸಗಣಿ ಬಾಚುತ್ತಾರೆ, ಎಮ್ಮೆ ತೊಳೆಯುತ್ತಾರೆ. ಹಾಲು ಕರೆಯಲು, ಕ್ಯಾನು ಮುಟ್ಟಲು ಬಿಡುವುದಿಲ್ಲ. ಚೆಂಬೂರಿನ ಮಾತು ಅಲ್ಲಿಯವರೆಗೂ ಬಂದಿತ್ತು. ಅವರ ಹತ್ತು ಬೆರಳೂ ನೆಟ್ಟಗಿದ್ದವು. ನಿಂತಲ್ಲೇ ಎಲ್ಲ ಹೇಳಿದೆ. ವೈರು, ಹಿಡಿಕೆ, ಆ ಗಲ್ಲಿ. ಅವರು ಹಗ್ಗದ ಗಂಟು ಬಿಚ್ಚುತ್ತಲೇ ಕೇಳಿದರು. ಕೊನೆಗೆ,

“ಇದನ್ನು ನನಗೆ ಹೇಳಿ ಎಂತ ಪ್ರಯೋಜನ?” ಅಂದರು. “ನನ್ನ ಕೈ ಬೆಚ್ಚಗಿದ್ದದ್ದು ನನಗೆ ಗೊತ್ತಿಲ್ಲವಾ? ಗೊತ್ತಿಲ್ಲದವರಿಗೆ ಹೇಳಬೇಕಿತ್ತು.”

ಸಿಟ್ಟಿರಲಿಲ್ಲ ಮಾತಿನಲ್ಲಿ. ಇದ್ದಿದ್ದರೆ ಉತ್ತರಿಸಲು ನನಗೆ ಬರುತ್ತಿತ್ತು.

ಈ ಬರಹ ಗೊತ್ತಿಲ್ಲದವರಿಗೆ. ಆದರೆ ಅಂದು ನಕ್ಕವರಲ್ಲಿ ಓದುವವರು ಎಷ್ಟು ಜನ? ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ, ಹೋಟೆಲಿನಲ್ಲಿ ಕೂರಲು ಜಾಗವಿಲ್ಲದಷ್ಟು ಜನ ಇರುವ ಹೊತ್ತಿನಲ್ಲಿ, ಧಣಿಯ ಗಲ್ಲಾದ ಮುಂದೆ ನಿಂತು ಇದನ್ನೇ ಗಟ್ಟಿಯಾಗಿ ಹೇಳುತ್ತೇನೆ. ನೀವೂ ಬನ್ನಿ ಎಂದು ವಾಸಣ್ಣನನ್ನು ಕರೆದೆ. ಆಗುವುದಿಲ್ಲವಂತೆ. ಆ ಹೊತ್ತಿಗೆ ಎಮ್ಮೆಗಳಿಗೆ ನೀರು ಕುಡಿಸಬೇಕಂತೆ.